ಅಜ್ಜಿಯ ಭಾಷೆ ಬಿಡಬೇಕಾಗಿಲ್ಲ: ಆಟಿಸಂ ಮಕ್ಕಳ ಮನೆಗಳಲ್ಲಿ ಹೆತ್ತವರಿಗೆ ಹೆತ್ತವರೇ ಆಸರೆ

ಕಾಸರಗೋಡು: ಮದುವೆ ಹಾಲಿನಲ್ಲಿ ವಾದ್ಯ ಸುರುವಾದದ್ದೇ ತಡ, ಆರೇಳು ವರ್ಷದ ಹುಡುಗನೊಬ್ಬ ಎರಡೂ ಕಿವಿ ಮುಚ್ಚಿಕೊಂಡು ಕಿರುಚತೊಡಗುತ್ತಾನೆ. ಅವನ ಅಮ್ಮ ಅವನನ್ನು ಎತ್ತಿಕೊಂಡು ಹೊರಗೆ ಬಂದು, ಚಪ್ಪಲಿ ರಾಶಿಯ ಪಕ್ಕದ ಮೆಟ್ಟಿಲಲ್ಲಿ ಕೂರುತ್ತಾರೆ. ಹಿಂದಿನಿಂದಲೇ ಮಾತುಗಳೂ ಬರುತ್ತವೆ. "ಇನ್ನೂ ಮಾತಾಡ್ಲಿಕ್ಕೆ ಸುರು ಮಾಡ್ಲಿಲ್ವಾ?", "ಮೊಬೈಲು ಕೊಟ್ಟು ಅಭ್ಯಾಸ ಮಾಡಿದ್ದು ನೀವೇ", "ಒಂದು ಸಲ ಪ್ರಶ್ನೆ ಇಟ್ಟು ನೋಡಿ". ಹೇಳುವವರಿಗೆ ಕೆಟ್ಟ ಬುದ್ಧಿ ಏನೂ ಇಲ್ಲ. ಆದರೆ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಆ ಅಮ್ಮ ಮಗನನ್ನು ಕರಕೊಂಡು ಮನೆಗೆ ಹೊರಟಾಗಿರುತ್ತದೆ. ಮುಂದಿನ ಮದುವೆಗೆ ಅವರು ಬರುವುದೇ ಇಲ್ಲ.

ಅದೃಷ್ಟ ಇದ್ದರೆ ಇನ್ನೊಬ್ಬರು ಹೊರಗೆ ಬಂದು ಅದೇ ಮೆಟ್ಟಿಲಲ್ಲಿ ಕೂತು ಬೇರೆಯೇ ಒಂದು ಪ್ರಶ್ನೆ ಕೇಳುತ್ತಾರೆ: "ಕುಕ್ಕರಿನ ವಿಸಿಲಿಗೂ ಹೀಗೆಯಾ?" ಇಂಥ ಪ್ರಶ್ನೆ ಕೇಳಬೇಕಾದರೆ ಅವರ ಮನೆಯಲ್ಲೂ ಇಂಥದೇ ಒಂದು ಮಗು ಇರಬೇಕು. ಕುಂಬಳೆ, ಬದಿಯಡ್ಕ, ಮಂಜೇಶ್ವರ, ಮುಳ್ಳೇರಿಯ ಕಡೆಯ ಆಟಿಸಂ ಮಕ್ಕಳ ಹೆತ್ತವರ ನಂಟು ಬೆಳೆಯುವುದು ಹೆಚ್ಚಾಗಿ ಹೀಗೆಯೇ. ಸಂಘದ ಬೋರ್ಡಿಲ್ಲ, ಅಧ್ಯಕ್ಷರಿಲ್ಲ. ಮದುವೆ ಹಾಲಿನ ಮೆಟ್ಟಿಲು, ಥೆರಪಿ ಕೇಂದ್ರದ ಬೆಂಚು, ಮಂಗಳೂರಿಗೆ ಹೋಗುವ ಬೆಳಗ್ಗಿನ ಗಾಡಿ - ಇಷ್ಟೇ ಜಾಗ. ಅಲ್ಲಿ ಕೈಬದಲಾದ ಒಂದು ಫೋನ್ ನಂಬರು ಎಷ್ಟೋ ಮನೆಗಳಿಗೆ ಡಾಕ್ಟರ ಚೀಟಿಯಷ್ಟೇ ಬೆಲೆಯದ್ದು.

ಕಾಯಿಲೆಯಲ್ಲ, ಯಾರ ತಪ್ಪೂ ಅಲ್ಲ

ಆಟಿಸಂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಒಂದು ಸ್ಥಿತಿ. ಕನ್ನಡದಲ್ಲಿ ಸ್ವಲೀನತೆ ಎಂಬ ಶಬ್ದ ಉಂಟು, ಆದರೆ ಆಡುಮಾತಿನಲ್ಲಿ ಆಟಿಸಂ ಎಂದೇ ರೂಢಿ. ಹೆಸರು ಹಿಡಿದು ಕರೆದರೆ ತಿರುಗಿ ನೋಡದಿರುವುದು, ಒಂದೂವರೆ ವರ್ಷವಾದರೂ ಬೇಕಾದ್ದನ್ನು ಬೆರಳು ತೋರಿಸಿ ಕೇಳದಿರುವುದು, ಬಂದಿದ್ದ ನಾಲ್ಕು ಮಾತೂ ನಿಂತುಹೋಗುವುದು, ಆಟಿಕೆಯನ್ನು ಆಡದೆ ಸಾಲಾಗಿ ಜೋಡಿಸುತ್ತಲೇ ಇರುವುದು, ಕೆಲವು ಸದ್ದು, ಬಟ್ಟೆ, ತಿಂಡಿ ಸಹಿಸಲಿಕ್ಕೇ ಆಗದಿರುವುದು - ಇವು ಮೊದಲ ಸೂಚನೆಗಳು. ಎಲ್ಲ ಮಕ್ಕಳಲ್ಲೂ ಎಲ್ಲವೂ ಇರುವುದಿಲ್ಲ. ಕೆಲವರು ಚೆನ್ನಾಗಿ ಮಾತಾಡುತ್ತಾರೆ, ಕೆಲವರು ಜೀವಮಾನವಿಡೀ ಮಾತಾಡುವುದಿಲ್ಲ.

ತಪ್ಪು ಯಾರದು ಎಂಬ ಚರ್ಚೆಗೆ ಎಂಬತ್ತು ವರ್ಷದ ಚರಿತ್ರೆ ಉಂಟು. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಇಂಥ ಹನ್ನೊಂದು ಮಕ್ಕಳ ಬಗ್ಗೆ ಬರೆದರು. ಅದಾಗಿ ಎರಡು ದಶಕ ದೊಡ್ಡ ದೊಡ್ಡ ಪಂಡಿತರೇ ತಾಯಿಯ ಮೇಲೆ ಬೆರಳು ತೋರಿಸಿದರು: ತಾಯಿ ಫ್ರಿಜ್ಜಿನ ಹಾಗೆ ತಣ್ಣಗಿದ್ದಾಳೆ, ಅದಕ್ಕೇ ಮಗು ಒಳಗೆ ಮುದುಡಿತು! ಈ ವಾದವನ್ನು 1964ರಲ್ಲಿ ಪುಸ್ತಕ ಬರೆದು ಒಡೆದವರು ಬರ್ನಾರ್ಡ್ ರಿಮ್ಲ್ಯಾಂಡ್. ಮನಶ್ಶಾಸ್ತ್ರಜ್ಞರು ಹೌದು, ಜೊತೆಗೆ ಆಟಿಸಂ ಇದ್ದ ಮಗನ ಅಪ್ಪ. ಅದಕ್ಕೂ ಎರಡು ವರ್ಷ ಮೊದಲೇ, 1962ರಲ್ಲಿ, ಇಂಗ್ಲೆಂಡಿನಲ್ಲಿ ಹೆತ್ತವರೇ ಸೇರಿ ಸಂಘ ಕಟ್ಟಿದ್ದರು. ನಮ್ಮ ದೇಶದಲ್ಲಿ ದೆಹಲಿಯ 'ಆಕ್ಷನ್ ಫಾರ್ ಆಟಿಸಂ' ಸುರುವಾದದ್ದು 1991ರಲ್ಲಿ. ಅದನ್ನು ಕಟ್ಟಿದ ಮೇರಿ ಬರುವಾ ಕೂಡ ಇಂಥ ಮಗನ ತಾಯಿ. ಲಂಡನ್ನಿರಲಿ ದೆಹಲಿಯಿರಲಿ, ಕೆಲಸಕ್ಕೆ ಮೊದಲು ಕೈಹಾಕಿದವರು ಹೆತ್ತವರು.

ಲಸಿಕೆಯಿಂದ ಆಟಿಸಂ ಬರುತ್ತದೆಂದು 1998ರಲ್ಲಿ ಬಂದ ಲೇಖನವನ್ನು ಅದನ್ನು ಅಚ್ಚು ಹಾಕಿದ 'ಲ್ಯಾನ್ಸೆಟ್' ಪತ್ರಿಕೆಯೇ 2010ರಲ್ಲಿ ಹಿಂದೆಗೆಯಿತು. ಆಮೇಲೂ ಹೆದರಿಕೆ ಪೂರ್ತಿ ಹೋಗಿಲ್ಲ. ಈ ಕಾರಣಕ್ಕೆ ಎರಡನೇ ಮಗುವಿಗೆ ಚುಚ್ಚುಮದ್ದು ತಪ್ಪಿಸುವುದು ಅಪಾಯ.

'ಪಟ್ಟಿ ಎವಿಡೆ?'

ಗಡಿನಾಡಿನ ಹೆತ್ತವರಿಗೆ ಉಳಿದವರಿಗಿಲ್ಲದ ಒಂದು ತೊಡಕು ಉಂಟು. ಅದು ಭಾಷೆಯದ್ದು.

ಇಲ್ಲಿಯ ಒಂದು ಮನೆಯನ್ನು ನೋಡಿದರೆ ಸಾಕು. ಅಜ್ಜಿಯ ಮಾತು ತುಳು ಅಥವಾ ಹವ್ಯಕ, ಇಲ್ಲವೇ ಕೊಂಕಣಿ, ಬ್ಯಾರಿ, ಮರಾಟಿ, ಕರಾಡ. ಶಾಲೆಯದ್ದು ಕನ್ನಡ. ಪಂಚಾಯತಿನ ಕಾಗದ ಮಲಯಾಳ. ಥೆರಪಿಗೆ ದಕ್ಷಿಣಕ್ಕೆ ಕಾಞಂಗಾಡಿಗೆ ಹೋದರೆ ಮಲಯಾಳ, ಉತ್ತರಕ್ಕೆ ಮಂಗಳೂರಿಗೆ ಹೋದರೆ ಕನ್ನಡ ಅಥವಾ ಇಂಗ್ಲಿಷ್. ನಾಲ್ಕು ಭಾಷೆ ನಮಗೆ ಗಾಳಿ ಉಸಿರಾಡಿದ ಹಾಗೆ. ಆದರೆ ಮಾತು ತಡವಾದ ಮಗುವನ್ನು ಕರಕೊಂಡು ಹೋದಾಗ ಕೋಣೆಯೊಳಗೆ ಅದೇ ದೊಡ್ಡ ಅಪರಾಧದ ಹಾಗೆ ಕಾಣುತ್ತದೆ. "ಮನೆಯಲ್ಲಿ ಇಷ್ಟೆಲ್ಲ ಭಾಷೆಯಾ? ಅದಕ್ಕೇ ಮಗುವಿಗೆ ಗೊಂದಲ. ಇನ್ನು ಒಂದೇ ಭಾಷೆ ಮಾತಾಡಿ" ಎಂಬ ಸಲಹೆ ಸಿಗುತ್ತದೆ. ಆ ಒಂದು ಭಾಷೆ ಯಾವುದು? ಹೆಚ್ಚಾಗಿ ಸಲಹೆ ಕೊಟ್ಟವರದ್ದು.

ಮನೆಗೆ ಬಂದ ಮೇಲೆ ಆಗುವುದು ಇದು. ಅಪ್ಪ ಅಮ್ಮ ಬಾರದ ಇಂಗ್ಲಿಷಿನಲ್ಲಿ "ಕಮ್, ಸಿಟ್, ಈಟ್" ಎನ್ನಲು ಸುರು ಮಾಡುತ್ತಾರೆ. ಮಾತು ಮೂರೇ ಶಬ್ದಕ್ಕೆ ಇಳಿಯುತ್ತದೆ. ಪಾಡ್ದನ ಹೇಳಿ ಮಲಗಿಸುತ್ತಿದ್ದ ಅಜ್ಜಿ ಬಾಯಿ ಮುಚ್ಚಿ ಕೂರುತ್ತಾರೆ. ಮನೆಯಲ್ಲಿ ಏಳು ಜನ ಇದ್ದರೂ ಮಗುವಿನ ಹತ್ತಿರ ಮಾತಾಡುವವರು ಇಬ್ಬರೇ. ಮಾತು ಕಡಿಮೆ ಇರುವ ಮಗುವಿಗೆ ಕಿವಿಗೆ ಬೀಳುವ ಮಾತೂ ಕಡಿಮೆಯಾದರೆ ಲಾಭ ಯಾರಿಗೆ?

ಈ ಸಲಹೆಗೆ ಆಧಾರ ಇಲ್ಲ. ಎರಡು ಭಾಷೆಯ ಮನೆಗಳಲ್ಲಿ ಬೆಳೆದ ಆಟಿಸಂ ಮಕ್ಕಳನ್ನು ಒಂದೇ ಭಾಷೆಯ ಮನೆಗಳ ಆಟಿಸಂ ಮಕ್ಕಳ ಜೊತೆ ಹೋಲಿಸಿ ಹಲವು ದೇಶಗಳಲ್ಲಿ ಅಧ್ಯಯನಗಳು ನಡೆದಿವೆ. ಎರಡು ಭಾಷೆಯಿಂದಾಗಿ ಮಾತು ಹಿಂದೆ ಬಿದ್ದದ್ದು ಕಂಡುಬಂದಿಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಒಂದು ಸಣ್ಣ ಅಧ್ಯಯನದಲ್ಲಿ, ಒಂದು ನಿಯಮದಿಂದ ಇನ್ನೊಂದಕ್ಕೆ ಮನಸ್ಸು ಹೊರಳಿಸುವ ಆಟದಲ್ಲಿ ಎರಡು ಭಾಷೆಯ ಆಟಿಸಂ ಮಕ್ಕಳೇ ಮುಂದಿದ್ದರು. ಸಣ್ಣ ಅಧ್ಯಯನವಾದ್ದರಿಂದ ಅದನ್ನು ಹೆಚ್ಚು ಉಬ್ಬಿಸಬೇಕಾಗಿಲ್ಲ. ಅಜ್ಜಿಯನ್ನು ಸುಮ್ಮನೆ ಕೂರಿಸಬೇಕಾಗಿಲ್ಲ ಎಂಬುದಕ್ಕೆ ಮಾತ್ರ ಉಳಿದ ಪುರಾವೆಯೇ ಸಾಕು.

ಪರೀಕ್ಷೆಯ ಮೇಜಿನಲ್ಲೂ ಇದೇ ಕತೆ. ಚಿತ್ರದ ಪುಸ್ತಕ ಬಿಡಿಸಿ "ಪಟ್ಟಿ ಎವಿಡೆ?" ಎಂದು ಕೇಳಿದರೆ, ಮಲಯಾಳ ಬಲ್ಲ ಮಗು ನಾಯಿಯ ಚಿತ್ರಕ್ಕೆ ಬೆರಳಿಡುತ್ತದೆ. ತುಳುವಿನಲ್ಲೂ ಕನ್ನಡದಲ್ಲೂ ನಾಯಿ ಎಂದೇ ಕೇಳಿದ ಮಗು ಸುಮ್ಮನೆ ಕೂರುತ್ತದೆ. ಸುಮ್ಮನೆ ಕೂತದ್ದಕ್ಕೆ ಸೊನ್ನೆ ಬೀಳುತ್ತದೆ. ನೀರಿಗೆ "ವೆಳ್ಳಂ" ಎಂದರೆ ನಮ್ಮ ಮಕ್ಕಳು ಬೆಲ್ಲದ ಡಬ್ಬಿ ಹುಡುಕಿದರೂ ಆಶ್ಚರ್ಯವಿಲ್ಲ!

ಇದಕ್ಕೆ ಹೆತ್ತವರು ಹೆತ್ತವರಿಗೆ ಹೇಳಿಕೊಡುವ ಉಪಾಯ ಬಹಳ ಸರಳ. ಮಗುವಿಗೆ ಮನೆಯಲ್ಲಿ ತಿಳಿಯುವ ಇಪ್ಪತ್ತು ಮೂವತ್ತು ಶಬ್ದಗಳನ್ನು ಒಂದು ಹಾಳೆಯಲ್ಲಿ ಬರೆಯುವುದು. ನೀರು, ಗಂಜಿ, ಬೇಡ, ಇನ್ನೂ ಬೇಕು, ಅಜ್ಜಿ, ಹೊರಗೆ ಹೋಗುವ, ಉಚ್ಚೆ, ನೋವು. ಪಕ್ಕದಲ್ಲಿ ಮನೆ ಭಾಷೆಯ ಉಚ್ಚಾರ ಮಲಯಾಳ ಲಿಪಿಯಲ್ಲೂ ಇರಲಿ. ಆ ಹಾಳೆಯನ್ನು ಥೆರಪಿಸ್ಟರ ಕೈಗೆ ಮೊದಲ ದಿನವೇ ಕೊಡುವುದು. ಭಾಷೆ ಗೊತ್ತಿಲ್ಲದ್ದು ಅವರ ತಪ್ಪಲ್ಲ. ಹಾಳೆ ಸಿಕ್ಕಿದರೆ ಹೆಚ್ಚಿನವರು ಸಂತೋಷದಿಂದ ಬಳಸುತ್ತಾರೆ. ಚಿತ್ರದ ಕಾರ್ಡುಗಳ ಅಡಿಯಲ್ಲೂ ಹಾಗೆಯೇ ಮನೆಯ ಶಬ್ದ ಬರೆದರೆ ಅಪ್ಪ, ಅಜ್ಜಿ, ಟೀಚರು ಎಲ್ಲರೂ ಒಂದೇ ಕಾರ್ಡು ತೋರಿಸಿ ಒಂದೇ ಮಾತು ಹೇಳಬಹುದು. ಮಾತು ಬಾರದ ಮಗು ಕಾರ್ಡು ಕೊಟ್ಟು ಕೇಳಲು ಕಲಿತರೆ ಮುಂದೆ ಮಾತೇ ಬರಲಿಕ್ಕಿಲ್ಲ ಎಂಬ ಹೆದರಿಕೆಯೂ ಬೇಡ. ಬೇಕಾದ್ದನ್ನು ಕೇಳಲು ಒಂದು ದಾರಿ ಸಿಕ್ಕಿದರೆ ಕಿರುಚುವುದು ಎಷ್ಟೋ ತಗ್ಗುತ್ತದೆ.

ಗೋವಾದಲ್ಲಿ ನೋಡಿದ್ದು

ಮನೆಯವರೇ ಕಲಿಸಿದರೆ ಪ್ರಯೋಜನ ಉಂಟೇ? ಇದನ್ನು ಪಕ್ಕದ ಗೋವಾದಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಕುಟುಂಬಗಳನ್ನು ಸೇರಿಸಿಕೊಂಡು ನಡೆಸಿದ ಅಧ್ಯಯನ 2016ರಲ್ಲಿ 'ಲ್ಯಾನ್ಸೆಟ್ ಸೈಕಿಯಾಟ್ರಿ'ಯಲ್ಲಿ ಪ್ರಕಟವಾಯಿತು. ಮನೆಮನೆಗೆ ಹೋದದ್ದು ತಜ್ಞ ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ತಾಯಿ ಮಗು ಆಡುವುದನ್ನು ವೀಡಿಯೊ ಮಾಡಿ, ಜೊತೆಗೆ ಕೂತು ನೋಡಿ, ಮಗು ಎಲ್ಲಿ ನೋಡಿತು, ತಾಯಿ ಆಗ ಏನು ಮಾಡಿದರು ಎಂದು ಮಾತಾಡುವುದು. ತಾಯಿ ತಂದೆ ಮಗುವಿನ ಗಮನಕ್ಕೆ ಸ್ಪಂದಿಸುವ ರೀತಿ ಸುಧಾರಿಸಿತು, ಮಗು ತಾನಾಗಿ ಮುಂದೆ ಬಂದು ಏನಾದರೂ ತಿಳಿಸುವುದೂ ಹೆಚ್ಚಾಯಿತು.

ಅದರ ಗುಟ್ಟು ಇಷ್ಟೇ. "ಇದೇನು? ಹೇಳು, ಹೇಳು" ಎಂದು ಪರೀಕ್ಷೆ ಮಾಡುವುದಲ್ಲ. ಮಗು ಫ್ಯಾನು ನೋಡುತ್ತಿದ್ದರೆ ನಾವೂ ಫ್ಯಾನು ನೋಡಿ "ಫ್ಯಾನು ತಿರುಗ್ತಾ ಉಂಟು" ಎನ್ನುವುದು. ಬಿಟ್ಟು ಬಿಟ್ಟು ಹೇಳುವುದು, ಮಗುವಿನ ಸರದಿಗೆ ಕಾಯುವುದು. ಇದು ಬಾಯಿಗೆ ಸಲೀಸಾಗಿ ಬರುವುದು ತನ್ನ ಭಾಷೆಯಲ್ಲಿ ಮಾತ್ರ. ಕಲಿತ ಮೂರು ಇಂಗ್ಲಿಷ್ ಶಬ್ದದಲ್ಲಿ ಮಗುವಿನ ಜೊತೆ ಹೀಗೆ ಹರಟಲಿಕ್ಕಾಗುತ್ತದೆಯೇ?

ಬಾವಿ, ಕೆರೆ, ಕ್ಷೌರದಂಗಡಿ

ಹೆತ್ತವರು ಫೋನಿನಲ್ಲಿ ಮಾತಾಡಿಕೊಳ್ಳುವುದು ಇಂಥ ದೊಡ್ಡ ವಿಷಯವಲ್ಲ. ತಲೆಕೂದಲು ಕತ್ತರಿಸುವುದು ಹೇಗೆ? ಮಂಗಳವಾರ ಮಧ್ಯಾಹ್ನ, ಅಂಗಡಿ ಖಾಲಿ ಇರುವಾಗ ಹೋಗಿ, ಮೊದಲ ಎರಡು ಸಲ ಸುಮ್ಮನೆ ಕುರ್ಚಿಯಲ್ಲಿ ಕೂತು ಬನ್ನಿ. ಮೆಷಿನು ಬೇಡ, ಕತ್ತರಿ ಸಾಕು. ಬಿಳಿ ಅನ್ನ ಬಿಟ್ಟು ಬೇರೇನೂ ತಿನ್ನದಿದ್ದರೆ? ಬಟ್ಟಲಿನ ಪಕ್ಕದಲ್ಲಿ ಹೊಸತನ್ನು ಇಡಿ, ತಿನ್ನಿಸಲು ಹೋಗಬೇಡಿ. ರಾತ್ರಿ ಎರಡು ಗಂಟೆಗೆ ಎದ್ದು ನಗುತ್ತಾ ಓಡಾಡಿದರೆ? ಇದಕ್ಕೆ ಉಪಾಯ ಇಲ್ಲದವರೂ ಇದ್ದಾರೆ, "ನಮ್ಮಲ್ಲೂ ಹಾಗೆಯೇ, ನಾನೂ ಎದ್ದೇ ಇದ್ದೇನೆ" ಎಂಬ ಉತ್ತರವೇ ಆ ಹೊತ್ತಿಗೆ ದೊಡ್ಡದು.

ಒಂದು ವಿಷಯದಲ್ಲಿ ಮಾತ್ರ ಹಳಬರು ಹೊಸಬರಿಗೆ ಕಟ್ಟುನಿಟ್ಟಾಗಿ ಹೇಳುತ್ತಾರೆ: ನೀರು. ಈ ಮಕ್ಕಳಲ್ಲಿ ಹಲವರಿಗೆ ನೀರೆಂದರೆ ಸೆಳೆತ, ಅಪಾಯದ ಅರಿವು ಕಡಿಮೆ, ಕರೆದರೆ ಓಗೊಡುವುದಿಲ್ಲ. ನಮ್ಮ ಊರಲ್ಲಿ ಮನೆಗೊಂದು ಬಾವಿ, ತೋಟಕ್ಕೊಂದು ಕೆರೆ. ಮಳೆಗಾಲದಲ್ಲಿ ತೋಡು ಅಂಗಳದವರೆಗೆ ಬರುತ್ತದೆ. ಬಾವಿಗೆ ಎತ್ತರದ ಕಟ್ಟೆ, ಮೇಲೆ ಬಲೆ, ಗೇಟಿಗೆ ಮೇಲಿನ ಚಿಲಕ. ಮಗು ಕಾಣದಿದ್ದರೆ ಮಂಚದ ಕೆಳಗೆ ಹುಡುಕುವ ಮೊದಲು ಕೆರೆಯ ಬದಿಗೆ ಓಡುವುದು. ಅಕ್ಕಪಕ್ಕದ ನಾಲ್ಕು ಮನೆಗೆ, ಬಸ್ ಸ್ಟಾಂಡಿನ ಅಂಗಡಿಗೆ "ಇವನು ಒಬ್ಬನೇ ಕಂಡರೆ ಹಿಡಿದು ಫೋನ್ ಮಾಡಿ" ಎಂದು ಮೊದಲೇ ಹೇಳಿಡುವುದು. ಮಗುವಿನ ವಿಷಯ ಊರಿಗೆ ತಿಳಿಯಬಾರದೆಂದು ಬಚ್ಚಿಡುವ ಮನೆಗಳಿಗೆ ಇದು ಕಷ್ಟದ ಹೆಜ್ಜೆ. ಆದರೂ ಇಡಲೇಬೇಕು.

ಇನ್ನು ಅಪ್ಪಂದಿರು. ಇಲ್ಲಿಯ ಹಲವು ಮನೆಗಳ ಅಪ್ಪ ಗಲ್ಫಿನಲ್ಲಿ. ಮಗುವಿನ ಹೆಸರಿಟ್ಟು ಡಾಕ್ಟರು ಹೇಳಿದ್ದನ್ನು ಅಮ್ಮ ಒಬ್ಬರೇ ಕೇಳಿಸಿಕೊಂಡು ಬರಬೇಕು, ಅತ್ತೆ ಮಾವನಿಗೂ ಅವರೇ ಹೇಳಬೇಕು. ರಜೆಯಲ್ಲಿ ಬಂದ ಅಪ್ಪನಿಗೆ ಎರಡು ವಾರದಲ್ಲಿ ಮಗುವಿನ ಗುರುತು ಹಿಡಿಯುವುದೇ ಕಷ್ಟ. ಗಂಡಸರು ಬೆಂಚಿನಲ್ಲಿ ಕೂತು ಮಾತಾಡಿಕೊಳ್ಳುವುದೂ ಕಡಿಮೆ. ಇದು ಈ ನಂಟಿನ ದೊಡ್ಡ ಕೊರತೆ.

ತಲಪಾಡಿ ಮುಚ್ಚಿದಾಗ

2020ರ ಮಾರ್ಚ್‌ನಲ್ಲಿ ಕೊರೊನಾ ಕಾಲದಲ್ಲಿ ಕರ್ನಾಟಕವು ತಲಪಾಡಿಯೂ ಸೇರಿ ಗಡಿಯ ರಸ್ತೆಗಳನ್ನು ಮುಚ್ಚಿದ್ದು, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡು, ವಿಷಯ ಕೋರ್ಟಿನ ಮೆಟ್ಟಿಲೇರಿದ್ದು ಯಾರೂ ಮರೆತಿಲ್ಲ. ಆಗ ಸುದ್ದಿಯಾಗದೆ ಉಳಿದದ್ದು ಥೆರಪಿಗೆ ಹೋಗುತ್ತಿದ್ದ ಮಕ್ಕಳ ವಿಷಯ. ನಿತ್ಯದ ಕ್ರಮ ಒಂದಿಷ್ಟು ತಪ್ಪಿದರೂ ತಡೆಯದ ಮಕ್ಕಳು. ಅದೇ ಗಾಡಿ, ಅದೇ ಕಿಟಕಿ, ಅದೇ ಟೀಚರು - ಎಲ್ಲ ಒಂದೇ ದಿನ ನಿಂತುಹೋಯಿತು. ಆಗ ಕೈಗೆ ಸಿಕ್ಕಿದ್ದು ಬೆಂಚಿನಲ್ಲಿ ಬರೆದುಕೊಂಡ ಆ ಫೋನ್ ನಂಬರುಗಳು. ತೆಂಗಿನ ಗರಟೆ, ಹುಣಸೆ ಬೀಜ, ಹಳೇ ಸೀರೆಯ ಜೋಕಾಲಿಯಲ್ಲಿ ಮನೆಯಲ್ಲೇ ಏನು ಮಾಡಬಹುದೆಂದು ಒಬ್ಬರಿಗೊಬ್ಬರು ಹೇಳಿಕೊಂಡು ಆ ತಿಂಗಳುಗಳನ್ನು ದಾಟಬೇಕಾಯಿತು.

ಕಾಗದ ಪತ್ರದ ಹಾದಿ

ಜಿಲ್ಲೆಗೆ ಹೆತ್ತವರ ಒಗ್ಗಟ್ಟು ಹೊಸತಲ್ಲ. ಗೇರು ತೋಟಗಳಿಗೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದ ಊರುಗಳ ತಾಯಂದಿರು 2016ರಲ್ಲೂ 2019ರಲ್ಲೂ ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಮಕ್ಕಳೊಂದಿಗೆ ಕೂತು ಹಕ್ಕು ಕೇಳಿದವರು. ಆಟಿಸಂ ಬೇರೆ ವಿಷಯ, ಎರಡನ್ನೂ ಒಂದೇ ಎಂದು ಕಲಸಬಾರದು. ಆದರೆ ಕಚೇರಿಯ ಬಾಗಿಲು ತಟ್ಟುವ ಧೈರ್ಯವನ್ನು ಆ ತಾಯಂದಿರಿಂದಲೇ ಕಲಿಯಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಅನ್ನೂ ಸೇರಿಸಿದೆ. ಸರ್ಟಿಫಿಕೇಟು ಸಿಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಈ ಕಾಯಿದೆಯ ಹೆಸರು ಹೇಳಬಹುದು. ಗಡಿಯವರು ನೆನಪಿಡಬೇಕಾದ್ದು: ಒಂದು ರಾಜ್ಯದ ಸರ್ಟಿಫಿಕೇಟು ದೇಶವಿಡೀ ಸಿಂಧು. ಮನೆ ಬದಲಾಗಿ ಮಂಗಳೂರಿಗೋ ಪುತ್ತೂರಿಗೋ ಹೋದರೂ ಅದೇ ನಡೆಯುತ್ತದೆ. ಪಿಂಚಣಿಯಂಥ ರಾಜ್ಯದ ಸಹಾಯ ಮಾತ್ರ ಆಯಾ ರಾಜ್ಯದ ನಿವಾಸಿಗಳಿಗೆ.

ರಾಷ್ಟ್ರೀಯ ಟ್ರಸ್ಟಿನ 'ನಿರಾಮಯ' ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂ. ವರೆಗೆ ರಕ್ಷಣೆ ಉಂಟು, ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ. ತೀವ್ರ ವೈಕಲ್ಯದವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಕೇರಳ ಸರಕಾರದ 'ಆಶ್ವಾಸಕಿರಣಂ' ಯೋಜನೆ ಉಂಟು. ಶಾಲೆಗೆ ಹೋಗುವ ಮಕ್ಕಳಿಗೆ ಬ್ಲಾಕ್ ರಿಸೋರ್ಸ್ ಸೆಂಟರಿನ ವಿಶೇಷ ಶಿಕ್ಷಕರು, ಪಂಚಾಯತು ಮತ್ತು ಕುಟುಂಬಶ್ರೀ ನಡೆಸುವ ಬಡ್ಸ್ ಶಾಲೆಗಳು ಇವೆ. ಅರ್ಜಿ ಮಲಯಾಳದಲ್ಲಿದ್ದರೆ ಓದಿ ಹೇಳಲು, ತುಂಬಿಸಿ ಕೊಡಲು ಇದೇ ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ.

ಗುಂಪಿನಲ್ಲಿ ತಪ್ಪು ಮಾತೂ ಓಡುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಇಂಥ ಆಹಾರ ಬಿಟ್ಟರೆ ಆಟಿಸಂ ಗುಣವಾಗುತ್ತದೆ, ಇಷ್ಟು ಲಕ್ಷ ಕೊಟ್ಟರೆ ಸ್ಟೆಮ್ ಸೆಲ್ ಹಾಕಿ ಸರಿ ಮಾಡುತ್ತಾರೆ - ಇಂಥ ಸಂದೇಶಗಳೂ ಫೋನಿನಿಂದ ಫೋನಿಗೆ ಹಾರುತ್ತವೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಶಿಫಾರಸು ಮಾಡಲು ಆಧಾರವಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಹೇಳಿದೆ. ತೋಟ ಅಡವಿಡುವ ಮೊದಲು ಈ ಒಂದು ಮಾತನ್ನು ಗುಂಪಿನಲ್ಲಿ ಯಾರಾದರೂ ಗಟ್ಟಿಯಾಗಿ ಹೇಳಿದರೆ ಒಂದು ಮನೆ ಉಳಿಯುತ್ತದೆ.

ಎಲ್ಲ ಮಾತೂ ಮುಗಿದ ಮೇಲೆ ಕೊನೆಗೆ ಬರುವುದು ಒಂದೇ ಪ್ರಶ್ನೆ: "ನಾವು ಹೋದ ಮೇಲೆ?" 18 ತುಂಬಿದ ಮೇಲೆ ಕಾನೂನಿನ ಪ್ರಕಾರ ಮಗ ಪ್ರಾಯಪ್ರಬುದ್ಧ. ಬೇಕಾದರೆ 1999ರ ರಾಷ್ಟ್ರೀಯ ಟ್ರಸ್ಟ್ ಕಾಯಿದೆಯಡಿ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪಾಲಕರನ್ನು ನೇಮಿಸಿಕೊಳ್ಳಬಹುದು. ಆದರೆ ಕಾಗದದಲ್ಲಿ ಪಾಲಕರ ಹೆಸರಿರುವುದು ಬೇರೆ, ಮಗ "ನೀರ್" ಎಂದಾಗ ಲೋಟ ತುಂಬಿಸಿ ಕೊಡುವವರು ಇರುವುದು ಬೇರೆ. ಅದಕ್ಕೇ ಕೆಲವು ಮನೆಗಳು ಈಗಲೇ ಒಬ್ಬರ ಮಕ್ಕಳನ್ನು ಇನ್ನೊಬ್ಬರ ಮನೆಯಲ್ಲಿ ಒಂದು ಮಧ್ಯಾಹ್ನ ಬಿಟ್ಟು ಅಭ್ಯಾಸ ಮಾಡಿಸುತ್ತವೆ. ಮೊದಲ ದಿನ ಹದಿನೈದು ನಿಮಿಷ. ಆ ಹದಿನೈದು ನಿಮಿಷದಲ್ಲಿ ಅಮ್ಮ ಬೇರೇನೂ ಮಾಡುವುದಿಲ್ಲ, ಗೇಟಿನ ಹೊರಗೆ ನಿಂತು ಕಿವಿಗೊಡುತ್ತಾರೆ. ಕುಕ್ಕರಿನ ವಿಸಿಲ್ ಹಾಕುವ ಮೊದಲು ಒಳಗಿನವರು ಮಗುವಿಗೆ ಹೇಳಿದರೋ ಇಲ್ಲವೋ ಎಂದು.